ಬಾಯಿ ಅವಳದು, ಹೆಸರು ಅವನದು

"ಹಾಲು ನೋಡ್ತಿರು, ಬಂದೆ."

ನನ್ನ ಹೆಂಡತಿ ನನಗೆ ಕಡೆಯದಾಗಿ ಹೇಳಿದ ಮಾತು ಇದು. ಹೇಳಿ ಹಿತ್ತಲಿಗೆ ಹೋದಳು, ಕರಿಬೇವು ಕೀಳೋದಕ್ಕೆ.

ನಾನು ಹಾಲು ನೋಡ್ತಿದ್ದೆ. ಹಾಲು ಬಿಸಿಯಾಯಿತು. ನೋಡ್ತಿದ್ದೆ. ಕೆನೆ ಕಟ್ಟಿತು. ನೋಡ್ತಿದ್ದೆ. ಉಕ್ಕಿತು, ಒಲೆ ಮೇಲೆಲ್ಲ ಹರಿಯಿತು, ಬೆಂಕಿ ಆರಿತು. ಅದನ್ನೂ ನೋಡ್ತಿದ್ದೆ. ನಮ್ಮವ್ವ ಕೋಲೂರಿಕೊಂಡು ಬಂದಳು.

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಹಾಲೆಲ್ಲ ಚೆಲ್ಲೋಯ್ತಲ್ಲೋ! ಏನ್ಲಾ ಮಾಡ್ತಿದ್ದೀಯೆ?"

"ನೋಡ್ತಿವ್ನಿ ಕನವ್ವ. ನೋಡ್ತಿರು ಅಂದ್ಲು."

"ಅವಳೆಲ್ಲಿ?"

"ಬಂದೆ ಅಂದ್ಲು."

ಬರಲಿಲ್ಲ. ಕರಿಬೇವಿನ ಗಿಡದ ಬುಡದಲ್ಲಿ ಮಲಗಿದ್ದಳು. ಕೈಯಲ್ಲಿ ಎರಡು ಕಡ್ಡಿ ಹಾಗೇ ಇತ್ತು. ಎದೆ ನಿಂತುಹೋಗಿದೆ ಅಂದರು ಡಾಕ್ಟರು.

ನನ್ನ ಹೆಸರು ಬೋರಲಿಂಗ. ಊರವರು ಪೆದ್ದಬೋರ ಅಂತಾರೆ. ಪೆದ್ದನ ಕತೆ ಯಾರ್ಯಾರೋ ಹೇಳ್ತಾರೆ. ಇಲ್ಲಿ ಪೆದ್ದನೇ ಹೇಳ್ತಿದ್ದೀನಿ, ಕೇಳಿ. ನಗು ಬಂದರೆ ನಗಿ. ಅವಳೂ ನಗ್ತಿದ್ದಳು.

ನಾನು ಹೇಳಿದ್ದಷ್ಟೇ ಮಾಡೋನು. ಹೆಚ್ಚಿಲ್ಲ, ಕಮ್ಮಿಯಿಲ್ಲ. ನಮ್ಮವ್ವ ಇಪ್ಪತ್ತೆರಡು ವರ್ಷ ಬೈದಳು. ಆಮೇಲೆ ಮದುವೆ ಮಾಡಿ, ಸೊಸೆ ಕೈ ಹಿಡಿದು ಅಂದಳು:

"ನನ್ನ ಬಾಯಿ ಬಿದ್ದೋಯ್ತು ಕನವ್ವ ಚಿಕ್ಕತಾಯಿ. ಇನ್ಮೇಲೆ ನೀನು ಬೈಯಿ."

ಚಿಕ್ಕತಾಯಿ ಬೈದಳು. ನಲವತ್ತು ವರ್ಷ ಬೈದಳು.

ಮದುವೆಯಾದ ಹೊಸದು. ಹೊಲದಲ್ಲಿ ಕಳೆ ಕೀಳ್ತಿದ್ದಳು. ಬಿಸಿಲು.

"ಬಾಯಿ ಒಣಗ್ತದೆ ಕನಯ್ಯ. ಓಡೋಗಿ ಬಾವಿಯಿಂದ ನೀರು ತತ್ತಾ!"

ಓಡೋಗಿ ಅಂದಳು, ಓಡಿದೆ. ನೀರು ಅಂದಳು, ತುಂಬಿಕೊಂಡೆ. ಬಿಂದಿಗೆ ಅನ್ನಲಿಲ್ಲ. ಎರಡು ಅಂಗೈ ಕೂಡಿಸಿ ತುಂಬಿಕೊಂಡು ಓಡಿ ಬಂದೆ.

"ಎಲ್ಲಯ್ಯ ನೀರು?"

"ಇಲ್ಲಿ." ಅಂಗೈ ಬಿಚ್ಚಿ ತೋರಿಸಿದೆ.

ಅವಳು ನನ್ನ ಮುಖ ನೋಡಿದಳು. ಅಂಗೈ ನೋಡಿದಳು. ನನ್ನ ಕೈ ಹಿಡಿದು ಬಾಯಿಗೆ ಹಚ್ಚಿಕೊಂಡಳು. ಆಮೇಲೆ ಬೈದಳು.

"ಬಿಂದಿಗೇಲಿ ತರಬೇಕು ಕನಯ್ಯ! ಏನೇ ತಂದ್ರೂ ಬಿಂದಿಗೇಲಿ ತರಬೇಕು!"

ಆಗಲಿ ಅಂದೆ. ಮಾರನೇ ದಿನ ಪಕ್ಕದ ಮನೆಯಿಂದ ಕೆಂಡ ತತ್ತಾ ಅಂದಳು. ಬಿಂದಿಗೇಲಿ ತಂದೆ. ತಳದಲ್ಲಿ ನೀರಿತ್ತು. ಚುಂಯ್ ಅಂತು.

"ಅಯ್ಯೋ! ಕೆಂಡನ ಆರದಂಗೆ ಊದ್ಕೊಂಡು ತರಬೇಕು ಕನಯ್ಯ!"

ಆಗಲಿ ಅಂದೆ. ಅದರ ಮಾರನೇ ದಿನ ನಮ್ಮಕ್ಕನ ಮಗುವನ್ನು ಎತ್ತಿಕೊಂಡು ಬಾ ಅಂದಳು. ದಾರಿ ಉದ್ದಕ್ಕೂ ಮಗು ಮುಖಕ್ಕೆ ಊದಿಕೊಂಡು ಬಂದೆ. ಮಗು ಊರು ಕೇಳೋ ಹಂಗೆ ಕಿರುಚಿತು.

"ಅಯ್ಯೋ! ಬಟ್ಟೆ ಸುತ್ತಿ, ಮೆತ್ತಗೆ ತಟ್ಟುತಾ ತರಬೇಕು ಕನಯ್ಯ!"

ಆಗಲಿ ಅಂದೆ. ಆಮೇಲೆ ಹನ್ನೆರಡು ಕೋಳಿಮೊಟ್ಟೆ ತತ್ತಾ ಅಂದಳು. ಬಟ್ಟೆ ಸುತ್ತಿದೆ. ತಟ್ಟಿದೆ. ಮೆತ್ತಗೇ ತಟ್ಟಿದೆ.

ಅವತ್ತು ಅವಳು ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗ್ತಾ ಕೂತಳು.

ಇದರಲ್ಲೆಲ್ಲ ನನಗೆ ಬೇಜಾರಿಲ್ಲ. ನನ್ನ ಬೇಜಾರು ಒಂದೇ. ಅದರ ಹೆಸರು ದೊರೆಸ್ವಾಮಿ.

ದೊರೆಸ್ವಾಮಿ ನಮ್ಮೂರವನೇ. ಮೈಕ್‌ಸೆಟ್ ಇಟ್ಟಿದ್ದಾನೆ. ನನಗಿಂತ ಮೊದಲು ಚಿಕ್ಕತಾಯಿಯನ್ನು ಹೆಣ್ಣು ನೋಡೋಕೆ ಹೋಗಿದ್ದವನು. ಅವಳಿಗೆ ಆಗ ಹದಿನಾರು. ಆ ಸಂಬಂಧ ಆಗಲಿಲ್ಲ. ಎರಡು ವರ್ಷ ಬಿಟ್ಟು ನಾನು ಹೋದೆ. ಆಯಿತು. ಅದು ಯಾಕೆ ಆಗಲಿಲ್ಲ, ಇದು ಯಾಕೆ ಆಯಿತು? ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ನಲವತ್ತು ವರ್ಷ ಹೊಟ್ಟೆಯೊಳಗೆ ಅದೊಂದು ಉರಿ. ಅವನ ಮೈಕು ಊರಲ್ಲಿ ಹಾಡಿದರೆ ಅವಳು ಮುದ್ದೆ ತಿರುವುತ್ತಾ ತಲೆ ಆಡಿಸ್ತಿದ್ದಳು. ನಾನು ನೋಡ್ತಿದ್ದೆ. ನನ್ನ ಮಾತಿಗೆ ಒಂದು ಸಲವೂ ಹಂಗೆ ತಲೆ ಆಡಿಸಲಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳೋದಿಲ್ಲ. 'ಯೋ' ಅಂತಾಳೆ, 'ನಿನ್ನೇ ಕನಯ್ಯ' ಅಂತಾಳೆ, ಅಷ್ಟೇ. ಮದುವೆ ಮನೆಯಲ್ಲಿ ಮಾತ್ರ, ಹೊಸಿಲಿಗೆ ಹೆಂಗಸರು ಅಡ್ಡ ನಿಂತು 'ಹೆಸರು ಹೇಳು' ಅಂತ ಹಿಡೀತಾರೆ. ಮದುಮಗಳು ಮೊದಲು, ಆಮೇಲೆ ಉಳಿದವರು. ಒಂದು ಪದ ಕಟ್ಟಿ, ಪದದ ತುದಿಗೆ ಗಂಡನ ಹೆಸರು ಇಡಬೇಕು. ನಮ್ಮ ಮದುವೆಯಲ್ಲಿ ಇವಳು ಬಾಯೇ ಬಿಡಲಿಲ್ಲ. ನಾಚಿಕೆ ಅಂದರು. ನಾನು ದೊರೆಸ್ವಾಮಿ ಅಂದುಕೊಂಡೆ.

ಹೋದ ಮಾಗಿಯಲ್ಲಿ ನಮ್ಮಕ್ಕನ ಕಿರಿಮಗಳ ಮದುವೆ. ದೊರೆಸ್ವಾಮಿದೇ ಮೈಕ್‌ಸೆಟ್. ವಿಡಿಯೋಗೆ ದನಿ ಹಿಡಿಯೋನೂ ಅವನೇ. ಗಾಳಿ ಬೀಸ್ತಿತ್ತು.

"ಯೋ, ಚಪ್ಪರದ ಕಂಬ ಅಲ್ಲಾಡ್ತದೆ. ಹಿಡ್ಕೊಂಡು ನಿಂತಿರು" ಅಂದಳು ಚಿಕ್ಕತಾಯಿ.

ಹಿಡಿದುಕೊಂಡು ನಿಂತೆ. ಗಾಳಿ ನಿಂತಿತು. ನಾನು ನಿಂತಿದ್ದೆ. ಊಟ ಆಯಿತು. ನಾನು ನಿಂತಿದ್ದೆ. ಚಪ್ಪರ ಬಿಚ್ಚೋರು ಬಂದು "ಕಂಬ ಬುಡಯ್ಯ" ಅಂದರು, ಬಿಟ್ಟೆ. ಒಳಗೆ ಹೋದೆ. ಹೊಸಿಲಲ್ಲಿ ಹೆಂಗಸರದೆಲ್ಲ ಮುಗಿದಿತ್ತು. ಚಿಕ್ಕತಾಯಿನೂ ಹೆಸರು ಹೇಳಿದಳಂತೆ.

"ಏನಂದೆ?"

"ಹೋಗಯ್ಯ. ಸೀಡಿ ಬತ್ತದೆ, ನೋಡ್ಕೊ."

ಸೀಡಿ ಬಂತು. ಅವಳ ತಿಥಿ ದಿನ ನಮ್ಮಕ್ಕ ತಂದಳು. ಊಟ ಮುಗಿಸಿ, ಅವಳನ್ನು ಒಂದು ಸಲ ನೋಡೋಣ ಅಂತ ಎಲ್ಲ ಟೀವಿ ಮುಂದೆ ಕೂತರು. ಮೊದಲು ಚೆನ್ನಾಗಿತ್ತು. ಆಮೇಲೆ ಆಮೇಲೆ ಬಾಯಿ ಒಂದು ಕಡೆ, ಮಾತು ಒಂದು ಕಡೆ. ಪುರೋಹಿತರು ಕೆಮ್ಮಿದರೆ ಓಲಗ ಬಂತು. ಕಡೆಗೆ ಹೊಸಿಲು ಬಂತು. ಕಟ್ಟಕಡೆಗೆ ಇವಳ ಸರದಿ. ಹಸಿರು ಸೀರೆ. ಸೆರಗು ಬಾಯಿಗಿಟ್ಟು ನಕ್ಕಳು. ಸೆರಗು ತೆಗೆದಳು. ಬಾಯಿ ತೆರೆದಳು. ಬಂತು:

"ಹತ್ತೂರ ಸಂತೆಗೆ ಒಂದೇ ದನಿ, ಮುತ್ತಿನ ಮಾತಿನ ದೊರೆಸ್ವಾಮಿ!"

ಅಷ್ಟೇ. ಸೀಡಿ ಮುಗಿಯಿತು.

ಹಿಂದೆ ಯಾರೋ ಕಿಸಕ್ಕಂದರು. ನಮ್ಮಕ್ಕ ನನ್ನ ತೋಳು ಹಿಡಿದಳು.

"ಅದು ಇಂದ್ರಮ್ಮನ ದನಿ ಕನ್ಲಾ. ದೊರೆಸ್ವಾಮಿ ಹೆಂಡ್ರು ಇಂದ್ರಮ್ಮ. ಸೀಡಿ ಮಾಡೋನು ಏನೋ ಎಡವಟ್ಟು ಮಾಡವ್ನೆ."

ದನಿ ಇಂದ್ರಮ್ಮನದು, ನನಗೂ ಗೊತ್ತಾಯಿತು. ಆದರೆ ಬಾಯಿ ಅವಳದು. ಆ ನಗು ಅವಳದು. ಹೆಸರು ಅವನದು. ಮೂರು ದಿನ ನನಗೆ ಅನ್ನ ಇಳಿಯಲಿಲ್ಲ.

ನಾಲ್ಕನೇ ದಿನ ಸೀಡಿ ತಗೊಂಡು ಪೇಟೆಗೆ ಹೋದೆ. ಅಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ನಾಗಲಿಂಗನ ಸ್ಟುಡಿಯೋ. ಚಿಕ್ಕತಾಯಿಯ ಅಕ್ಕನ ಮಗ. ತಲೆ ನರೆತವನು, ಬುದ್ಧಿವಂತ. ಸೀಡಿ ಹಾಕಿದ. ಅದರಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ನೋಡಿದ. ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ.

"ಚಿಕ್ಕಪ್ಪ, ಇದು ಲೆಕ್ಕದ ತಪ್ಪು. ವಿಡಿಯೋದವರು ಸೆಕೆಂಡಿಗೆ ಇಪ್ಪತ್ನಾಕು ಚಿತ್ರ ತೆಗೆದವ್ರೆ, ಸಿನಿಮಾದವರ ಥರ. ಟೀವಿಗೆ ಸೆಕೆಂಡಿಗೆ ಇಪ್ಪತ್ತೈದು ಬೇಕು. ಸೀಡಿ ಮಾಡಿದ ಪುಣ್ಯಾತ್ಮ ಚಿತ್ರನ ಬಿರ್ರನೆ ಓಡಿಸ್ಬುಟ್ಟವ್ನೆ. ದನಿನ ಹಂಗೇ ಬುಟ್ಟವ್ನೆ."

ನನಗೆ ತಿಳಿಯಲಿಲ್ಲ. ಅವನು ಮತ್ತೆ ಹೇಳಿದ.

"ಗಂಡ ಹೆಂಡ್ರು ಒಟ್ಟಿಗೆ ಮನೆ ಬುಟ್ರು ಅನ್ಕೊ. ಗಂಡ ಇಪ್ಪತ್ತೈದು ಹೆಜ್ಜೆ ಇಡೋ ಹೊತ್ಗೆ ಹೆಂಡ್ರು ಇಪ್ಪತ್ನಾಕು ಇಡ್ತಾಳೆ. ಗಂಡ ಚಿತ್ರ, ಹೆಂಡ್ರು ದನಿ. ಒಂದು ಗಂಟೆ ನಡೆದ್ರೆ ಹೆಂಡ್ರು ಎರಡೂವರೆ ನಿಮಿಷ ಹಿಂದೆ."

"ಹಿಂದೆ ಯಾರ ಜೊತೆ?"

"ಏನು?"

"ಹಿಂದೆ ಬಿದ್ದ ಹೆಂಡ್ರು ಯಾರ ಜೊತೆ ಬತ್ತವಳೆ?"

"ಯೋ ಚಿಕ್ಕಪ್ಪ! ಯಾರ ಜೊತೆನೂ ಇಲ್ಲ. ಇಂದ್ರಮ್ಮ ಹೇಳಿ ಎರಡೂವರೆ ನಿಮಿಷ ಆದ್ಮೇಲೆ ಚಿಕ್ಕವ್ವ ಹೇಳವ್ಳೆ. ಅದಕ್ಕೇ ಚಿಕ್ಕವ್ವನ ಬಾಯಿಗೆ ಇಂದ್ರಮ್ಮನ ಮಾತು ಬಂದದೆ. ಈಗ ದನಿ ಮೊದಲು ಬುಟ್ಟು, ಚಿತ್ರನ ಎರಡೂವರೆ ನಿಮಿಷ ತಡೆದು ಬುಟ್ರೆ, ಅಲ್ಲಿಗೆ ಕೂಡ್ತದೆ. ತಿಳೀತಾ?"

ತಿಳಿಯಿತು. ಸೀಡಿ ತಗೊಂಡು ಮನೆಗೆ ಬಂದೆ. ಟೀವಿ ದನಿ ಜೋರು ಮಾಡಿದೆ. ದನಿ ಮೊದಲು ಬಿಟ್ಟೆ. ಚಿತ್ರ ತಡೀಬೇಕಲ್ಲ, ಟೀವಿಗೆ ಕಂಬಳಿ ಹೊದಿಸಿ ಎರಡೂ ಕೈಯಲ್ಲಿ ಅದುಮಿ ಹಿಡಿದೆ. ಗಡಿಯಾರ ನೋಡಿದೆ. ಎರಡೂವರೆ ನಿಮಿಷ ಆಯಿತು. ಕಂಬಳಿ ತೆಗೆದೆ. ಒಂದು ಗಂಟೆ ಕೂತೆ. ಬಾಯಿ ಅವಳದು, ಹೆಸರು ಅವನದು.

ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಕಂಬಳಿ ಹೊದಿಸಿದ್ರೆ ಒಳಗೆ ಚಿತ್ರ ನಿಂತ್ಕೊಂಡಿರ್ತದೇನ್ಲಾ? ನಿಂಗೆ ಬೈಯೋ ಕೆಲಸ ಮತ್ತೆ ನನ್ನ ತಲೆಗೇ ಬಂತಲ್ಲ! ಹೋಗು, ಅವನ್ನೇ ಕೇಳು!"

ಹೋದೆ. ಕಂಬಳಿ ವಿಚಾರ ಕೇಳಿ ನಾಗಲಿಂಗ ತಲೆ ಚಚ್ಚಿಕೊಂಡ.

"ತಡೆಯೋದಲ್ಲ ಚಿಕ್ಕಪ್ಪ! ಮೊದಲು ಇಬ್ಬರೂ ಜೊತೇಲೇ ಇರ್ತಾರೆ. ನಡೀತಾ ನಡೀತಾ ದೂರ ಆಯ್ತಾರೆ. ಒಂದೇ ಕಡೆ ತಡೆದ್ರೆ ಅಲ್ಲಿ ಕೂಡ್ತದೆ, ಮಿಕ್ಕಿದ ಕಡೆ ಕೆಡ್ತದೆ. ಮೊದಲಿಂದ ಕಡೇವರ್ಗೂ ಸಮನಾಗಿ, ಇಪ್ಪತ್ತೈದರಲ್ಲಿ ಒಂದೊಂದು ತೆಗೀತಾ ಹೋಗ್ಬೇಕು. ಆಗ ದನಿ ಕಿರಿದಾಗಿ ಚಿತ್ರದ ಅಳತೆಗೆ ಬತ್ತದೆ. ಆತುರ ಬೀಳ್ಬೇಡ. ನಾಳಿದ್ದು ಬಾ."

ಇಪ್ಪತ್ತೈದರಲ್ಲಿ ಒಂದು ತೆಗೀಬೇಕು. ಸಮನಾಗಿ. ಆತುರ ಬೀಳಬಾರದು.

ಗೋಣಿ ಹೊಲಿಯೋ ದಬ್ಬಳ ತಗೊಂಡೆ. ಜಗಲಿಯಲ್ಲಿ ಕೂತೆ. ಸೀಡಿ ಮೇಲೆ ಇಪ್ಪತ್ನಾಲ್ಕು ಗೆರೆ ಬಿಟ್ಟು ಒಂದು ಗೆರೆ ಕೆರೆದು ತೆಗೆದೆ. ಮತ್ತೆ ಇಪ್ಪತ್ನಾಲ್ಕು ಬಿಟ್ಟು ಒಂದು ತೆಗೆದೆ. ಗೆರೆ ಕಣ್ಣಿಗೆ ಕಾಣ್ತಿರಲಿಲ್ಲ, ಅಂದಾಜು. ಆತುರ ಬೀಳಲಿಲ್ಲ. ಎರಡು ದಿನ ಹಿಡೀತು. ಸೀಡಿ ರಾಗಿ ಬೀಸೋ ಕಲ್ಲಿನಂಗೆ ಆಯಿತು. ನಾಳಿದ್ದು ಅಂದಿದ್ದನಲ್ಲ, ತಗೊಂಡು ಹೋದೆ.

"ಏನಿದು?"

"ತೆಗೆದಿವ್ನಿ. ಇಪ್ಪತ್ತೈದಕ್ಕೊಂದು."

ನಾಗಲಿಂಗ ಬಾಯಿ ಮೇಲೆ ಕೈ ಇಟ್ಟುಕೊಂಡ. ಆಮೇಲೆ ಕೂಗಿದ.

"ಚಿಕ್ಕವ್ವ ಮಾತಾಡಿರೋದು ಇದೊಂದರಲ್ಲೇ ಕನಯ್ಯ! ದಬ್ಬಳದಲ್ಲಿ ಕೆರೆದ್ಯಾ! ಸದ್ಯ, ನಾನು ಅವತ್ತೇ ಇಳಿಸ್ಕೊಂಡಿದ್ದೆ. ಇಲ್ಲ ಅಂದಿದ್ರೆ?"

ಸ್ಟೂಲಿನ ಮೇಲೆ ಕೂತೆ.

"ಕೇಳಿಲ್ಲಿ. ಇನ್ಮೇಲೆ ಯಾವುದಕ್ಕೂ ಕೈ ಹಾಕ್ಬೇಡ. ಕೈ ಮುಟ್ಟಿಸ್ಲೇಬೇಡ! ಇನ್ನೊಂದು ತೊಂದರೆ ಅದೆ. ಚಿತ್ರ ಬೇಗ ಓಡಿ ಬೇಗ ಮುಗಿದದೆ. ಅದು ಮುಗಿದ ತಕ್ಷಣ ಇವನು ದನಿನೂ ಕತ್ತರಿಸವ್ನೆ. ಕಡೆ ಎರಡೂವರೆ ನಿಮಿಷದ ದನಿನೇ ಇಲ್ಲ. ಚಿಕ್ಕವ್ವನ ಮಾತು ಆ ಎರಡೂವರೆ ನಿಮಿಷದಲ್ಲೇ ಇತ್ತು."

"ಹೋಯ್ತಾ?"

"ದನಿ ಹಿಡಿದೋನ ಹತ್ರ ಪೂರ್ತಿ ಇರ್ತದೆ. ಉಗುರಿನಷ್ಟು ಕಾರ್ಡು. ಯಾರು ಹಿಡಿದಿದ್ದು?"

ನಾನು ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡೆ.

"ಯಾರು ಚಿಕ್ಕಪ್ಪ?"

"ಅವನೇ."

"ಯಾರವನು?"

"ದೊರೆಸ್ವಾಮಿ."

ನಾಗಲಿಂಗ ಕಂಪ್ಯೂಟರ್ ನೋಡಿದ. ನನ್ನ ನೋಡಿದ. "ಹೋಗಿ ತಗಂಡ್ ಬಾ" ಅಂದ ಮೆತ್ತಗೆ. "ಕೈ ಮಾತ್ರ ಮುಟ್ಟಿಸ್ಬೇಡ."

ನಾನು ಅವನ ಮನೆ ಹೊಸಿಲು ತುಳಿದವನಲ್ಲ. ಅವಳ ಮಾತು ನನ್ನ ಹತ್ತಿರ ಇಲ್ಲ, ಅವನ ಹತ್ತಿರ ಇದೆ. ಅವಳು ನನ್ನ ಹೆಸರು ಹೇಳಿದ್ದು ನನ್ನ ಮನೆಯಲ್ಲಿಲ್ಲ, ಅವನ ಮನೆಯಲ್ಲಿದೆ. ಯಾರಿಗೆ ಹೇಳಲಿ ಇದನ್ನ? ಎರಡು ಸಲ ಅವನ ಮನೆ ಮುಂದೆ ಹಾದುಹೋದೆ. ಮೂರನೇ ಸಲ ಅವನೇ ಕರೆದ.

"ಬಾರಯ್ಯ ಬೋರಲಿಂಗ. ಏನು, ಅಡ್ಡಾಡ್ತಿದ್ದೀಯೆ?"

ಬಂದ ಕೆಲಸ ಹೇಳಿದೆ. ಅವನು ಒಳಗೆ ಹೋಗಿ ಒಂದು ಡಬ್ಬಿ ತಂದ. ಡಬ್ಬಿಯಲ್ಲಿ ಹತ್ತಾರು ಕಾರ್ಡು. ಹುಡುಕಿ ಒಂದು ತೆಗೆದ. ಅದನ್ನು ಅವನು ಬರಿಗೈಯಲ್ಲಿ ಹಿಡಿದಿದ್ದ. ನನಗೆ ಮುಟ್ಟಬೇಡ ಅಂದಿದ್ದಾರೆ. ಅವನು ಮುಟ್ಟಿದ್ದಾನೆ.

"ಇದರಲ್ಲಿ ಅವಳ ಮಾತು ಐತಾ?"

"ಐತೆ. ಚೆನ್ನಾಗಿ ಬಂದೈತೆ. ಎರಡು ಸಲ ಕೇಳಿದ್ದೀನಿ."

ಎರಡು ಸಲ! ನಾನು ಒಂದು ಸಲವೂ ಇಲ್ಲ.

"ಯಾಕೆ ಕೇಳ್ದೆ?"

"ಕೇಳ್ದಲೆ ಸರಿಯಾಗೈತೋ ಇಲ್ವೋ ಹೆಂಗೆ ಗೊತ್ತಾಯ್ತದೆ? ನನ್ನ ಕೆಲಸ ಕನಯ್ಯ ಅದು. ಈಗ್ಲೇ ಹಾಕ್ಲಾ? ಹಾರನ್ ಕಟ್ಟಿ ಊರಿಗೆಲ್ಲ ಕೇಳೋ ಹಂಗೆ ಹಾಕ್ತೀನಿ!"

"ಬೇಡ! ನಿನ್ನ ಹಾರನ್ನಲ್ಲಿ ಬೇಡ. ನಿಮ್ಮನೇಲಿ ಇಕ್ಕಳ ಐತಾ?"

"ಇಕ್ಕಳ ಯಾಕೆ?"

"ಕೊಡು."

ಇಂದ್ರಮ್ಮ ಅಡಿಗೆ ಮನೆಯಿಂದ ಪಾತ್ರೆ ಇಳಿಸೋ ಇಕ್ಕಳ ತಂದುಕೊಟ್ಟಳು. ಅದರಲ್ಲಿ ಕಾರ್ಡು ಹಿಡಿದೆ. ಗಂಡ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ಮುಂದಕ್ಕೆ ಇಕ್ಕಳ ಚಾಚಿಕೊಂಡು ನಡೆದೆ. ಬಸ್ ಹತ್ತಿದೆ. ಜನ ದಾರಿ ಬಿಟ್ಟರು. ಕಂಡಕ್ಟರು ಬಂದ.

"ಏನಯ್ಯ ಅದು, ಕೆಂಡವಾ?"

"ಅಲ್ಲ. ನನ್ನ ಹೆಂಡ್ರು."

ಅವನು ಮುಂದಕ್ಕೆ ಹೋದ. ತಿರುಗಿ ತಿರುಗಿ ನೋಡಿದ.

ನಾಗಲಿಂಗ ಈ ಸಲ ಬೈಯಲಿಲ್ಲ. ಇಕ್ಕಳದಿಂದ ಕಾರ್ಡು ಬಿಡಿಸಿಕೊಂಡ. ಕಂಪ್ಯೂಟರ್ ಮುಂದೆ ಕೂತ. ಇಪ್ಪತ್ನಾಲ್ಕು ಅಂದ, ಇಪ್ಪತ್ತೈದು ಅಂದ, ಏನೇನೋ ಒತ್ತಿದ. "ದನಿನ ಚಿತ್ರದಷ್ಟೇ ಬೇಗ ಓಡಿಸ್ತೀನಿ" ಅಂದ. ಓಡಿಸಿದ. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೊಸಿಲಲ್ಲಿ ಹೆಂಗಸರ ನಗು ಬಂತು. ಅದರ ಮಧ್ಯೆ ಒಂದು ಮಾತು ಬಂತು, "ಬುಡ್ರೇ, ನಾನು ಹೇಳಲ್ಲ!" ಅವಳದೇ. ಆದರೆ ತೆಳ್ಳಗೆ, ಚಿಕ್ಕ ಹುಡುಗಿ ದನಿ.

"ಇದು ಅವಳ ದನಿಯಲ್ಲ" ಅಂದೆ.

"ಚಿಕ್ಕವ್ವಂದೇ. ಓಡಿಸಿದ್ರೆ ಹಿಂಗೇ ತೆಳ್ಳಗಾಯ್ತದೆ, ಎಳೇದಾಯ್ತದೆ."

"ಇದು ಹದಿನಾರು ವರ್ಷದ ದನಿ. ಇದನ್ನ ಕೇಳಿರೋನು ದೊರೆಸ್ವಾಮಿ. ನಂಗಿದು ಬೇಡ. ನನಗೆ ನಂದು ಬೇಕು."

ನಾಗಲಿಂಗ ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದ. ನಾನು ಕಣ್ಣು ಕೆಳಗೆ ಹಾಕಿದೆ.

"ಓಟ ಹಂಗೇ ಇರ್ಲಿ, ದನಿ ಮಾತ್ರ ಮೊದಲಿನಂಗೇ ದಪ್ಪ ಮಾಡ್ಬೋದು ಚಿಕ್ಕಪ್ಪ. ತಾಳು." ಮತ್ತೆ ಒತ್ತಿದ. "ಈಗ ನೋಡು. ಬಾಯಿ ಮೇಲೇ ಕಣ್ಣಿಟ್ಟಿರು. ಬಾಯಿಗೆ ಮಾತು ಕೂಡ್ತದಾ ನೋಡು."

ನೋಡಿದೆ. ಹಸಿರು ಸೀರೆ. ಸೆರಗು ಬಾಯಿಗಿಟ್ಟು ನಕ್ಕಳು. ಸೆರಗು ತೆಗೆದಳು. ಬಾಯಿ ತೆರೆದಳು. ಬಾಯಿ ಮೇಲೇ ಕಣ್ಣಿಟ್ಟೆ. ಮೇಲಿನ ತುಟಿ ನೋಡಿದೆ. ಕೆಳಗಿನ ತುಟಿ ನೋಡಿದೆ. ಮುಂದಿನ ಹಲ್ಲು ಒಂದು ಓರೆ, ಅದನ್ನು ನೋಡಿದೆ. ರೆಪ್ಪೆ ಬಡಿಯಲಿಲ್ಲ. ಬಾಯಿ ಮುಚ್ಚಿತು.

"ಕೂಡ್ತಾ?"

"ಕೂಡ್ತು."

"ಅಬ್ಬ! ಏನಂದ್ಲು ಕೇಳಿದ್ಯಾ? ಎಂಥಾ ಪದ ಕಟ್ಟವ್ಳೆ ಚಿಕ್ಕವ್ವ!"

"ಕೇಳ್ಲಿಲ್ಲ."

"ಏನು?"

"ನೋಡು ಅಂದ್ಯಲ್ಲ. ನೋಡ್ತಿದ್ದೆ."

ನಾಗಲಿಂಗನ ಮುಖ ಕೆಂಪಗಾಯಿತು. ಬೈತಾನೆ ಅಂದುಕೊಂಡೆ. ಬೈಯೋದಕ್ಕೆ ಬಾಯಿ ತೆಗೆದವನು ಹಂಗೇ ಮುಚ್ಚಿದ. ಹಾಲಿನ ಸಂಗತಿ ಅವನಿಗೂ ಗೊತ್ತಿತ್ತು.

"ಕಣ್ಣು ಮುಚ್ಕೊ ಚಿಕ್ಕಪ್ಪ" ಅಂದ. "ಈಗ ಬರೀ ಕೇಳು."

ಕಣ್ಣು ಮುಚ್ಚಿದೆ. ಹೆಂಗಸರು ನಕ್ಕರು. ಬುಡ್ರೇ ಅಂದಳು. ಹೇಳೇ ಹೇಳೇ ಅಂದರು. ಒಂದು ಸಲ ಗಂಟಲು ಸರಿಮಾಡಿಕೊಂಡಳು. ಹಂಗೆ ಗಂಟಲು ಸರಿಮಾಡಿಕೊಳ್ಳೋದು ನಮ್ಮ ಮನೆಯವಳು. ಹದಿನಾರರವಳಲ್ಲ. ನಲವತ್ತು ವರ್ಷ ನನಗೆ ಬೈದು ಬೈದು ದಪ್ಪಗಾದ ದನಿ.

"ಓಡೋಗಿ ನೀರು ತಾ ಅಂದ್ರೆ ಓಡೋದ,
ಅಂಗೈಲಿ ತುಂಬ್ಕೊಂಡು ಓಡೋಡಿ ಬಂದ,
ದಾರೀಲೆಲ್ಲ ಚೆಲ್ಲಿ ಮೂರು ಹನಿ ಉಳಿಸ್ದ,
ಆ ಮೂರು ಹನೀಲೆ ನನ್ನ ದಾವ ತೀರಿಸ್ದ
ನನ್ನ ಬೋರಲಿಂಗ."

ನಾನು ಕಣ್ಣು ತೆರೆಯಲಿಲ್ಲ. ತೆರೆ ಅಂತ ಅವನು ಹೇಳಿರಲಿಲ್ಲ. ಬಹಳ ಹೊತ್ತಾದ ಮೇಲೆ ನಾಗಲಿಂಗ ಬಂದು ಭುಜ ಮುಟ್ಟಿದ.

"ಇನ್ನು ಬುಡು ಚಿಕ್ಕಪ್ಪ. ಕಣ್ಣು ಬುಡು."

ಹೊಸ ಸೀಡಿ ಮಾಡಿಕೊಟ್ಟ. ಕಾರ್ಡು ವಾಪಸ್ ಕೊಟ್ಟ. "ಇದರಲ್ಲಿ ಚಿಕ್ಕವ್ವನ ಮಾತು ಇನ್ನೂ ಅದೆ. ದೊರೆಸ್ವಾಮಿ ಹತ್ರ ಇರೋದು ಬೇಡ ಅಂದ್ರೆ ಹೇಳು, ಅಳಿಸ್ಬುಡ್ತೀನಿ."

"ಅಳಿಸು" ಅಂದೆ. ಅವನು ಕೈ ಚಾಚಿದ.

"ತಾಳು. ಇಂದ್ರಮ್ಮಂದೂ ಹೋಯ್ತದಾ?"

"ಎಲ್ಲ ಒಂದೇ. ಪೂರಾ ಹೋಯ್ತದೆ."

ಇಂದ್ರಮ್ಮ ದೊರೆಸ್ವಾಮಿ ಹೆಸರು ಹೇಳಿದ್ದೂ ಒಂದೇ ಸಲ ಇರಬೇಕು. ನಾಳೆ ಅವನೂ ಹಾಲು ನೋಡ್ತಾ ನಿಂತರೆ?

"ಬೇಡ. ಇರ್ಲಿ ಬುಡು."

ಊರಿಗೆ ಬಂದು ಕಾರ್ಡು, ಇಕ್ಕಳ ಎರಡೂ ದೊರೆಸ್ವಾಮಿಗೆ ಕೊಟ್ಟೆ.

"ಕಡೆ ಎರಡೂವರೆ ನಿಮಿಷ ಬುಟ್ಟು ಮಿಕ್ಕಿದ್ದು ಕೇಳ್ಕೊ" ಅಂದೆ.

ಅವನು ನಕ್ಕ. "ಆಗ್ಲಿ ಮಾರಾಯ."

ಹೊರಟವನು ನಿಂತೆ. ನಲವತ್ತು ವರ್ಷದ್ದು ಬಾಯಿಗೆ ಬಂತು.

"ಅವಳು ನಿನ್ನ ಯಾಕೆ ಒಲ್ಲೆ ಅಂದ್ಲು?"

"ಇನ್ನೂ ಅದನ್ನ ಇಟ್ಕೊಂಡಿದ್ದೀಯಾ! ಅವತ್ತು ನಾನು ಕಾಫಿ ಕುಡೀತಾ ಮಾತಾಡ್ದೆ, ಮಾತಾಡ್ದೆ, ಒಂದೇ ಸಮ ಮಾತಾಡ್ದೆ. ಆಮೇಲೆ ಅವರಪ್ಪಂಗೆ ಹೇಳಿದ್ಲಂತೆ, ಈ ವಯ್ಯ ಮಾತಾಡ್ತಾನೇ ಇರ್ತಾನೆ, ನಾನು ಯಾವಾಗ ಮಾತಾಡ್ಲಿ ಅಂತ."

ಒಳಗಿಂದ ಇಂದ್ರಮ್ಮ "ಬುದ್ಧಿವಂತೆ" ಅಂದಳು.

ಹೊಟ್ಟೆ ಉರಿ ಸ್ವಲ್ಪ ಆರಿತು. ಪೂರಾ ಅಲ್ಲ. ಎರಡು ಸಲ ಕೇಳಿದ್ದಾನಲ್ಲ.

ಸಂಜೆ ಅವ್ವನ ಮುಂದೆ ಸೀಡಿ ಹಾಕಿದೆ. ಅವ್ವ ಟೀವಿ ಹತ್ತಿರವೇ ಕೂತು, ಕಿವಿಗೆ ಕೈ ಮರೆ ಮಾಡಿಕೊಂಡು ಕೇಳಿದಳು. ಪದ ಮುಗಿಯಿತು. ಸೆರಗಲ್ಲಿ ಮೂಗು ಒರೆಸಿದಳು.

"ಮೂರು ಹನಿ ತಂದ ಗಂಡನ್ನ ಹೊಗಳವ್ಳೆ ನೋಡು. ಅವಳೂ ನಿನ್ನಂಗೇ ಪೆದ್ದಿ ಕನ್ಲಾ."

ಆಮೇಲೆ ಅಂದಳು:

"ನಾಳೆ ಹೊತ್ತಾರೆ ಎದ್ದು ಅವಳ ಗುಡ್ಡೆ ಮೇಲೆ ಒಂದಿಷ್ಟು ಹಾಲು ಬುಟ್ಟು ಬಾ. ಚೊಂಬಲ್ಲಿ ತಗಂಡ್ ಹೋಗು. ಚೊಂಬಲ್ಲಿ! ಕೇಳಿಸ್ತಾ?"

"ಕೇಳಿಸ್ತು."

ಅವಳನ್ನು ಮಣ್ಣು ಮಾಡಿದ್ದು ನಮ್ಮ ಹೊಲದ ಬದುವಿನಲ್ಲೇ. ಅವತ್ತು ಕಳೆ ಕೀಳ್ತಾ ನೀರು ಕೇಳಿದಳಲ್ಲ, ಅದೇ ಹೊಲ.

ಮಾರನೇ ಬೆಳಗ್ಗೆ ಎದ್ದೆ. ಹಾಲು ಒಲೆ ಮೇಲಿಟ್ಟೆ. ನೋಡ್ತಿದ್ದೆ. ಬಿಸಿಯಾಯಿತು. ನೋಡ್ತಿದ್ದೆ. ಕೆನೆ ಕಟ್ಟಿತು. ನೋಡ್ತಿದ್ದೆ. ಉಕ್ಕೋದಕ್ಕೆ ಬಂತು. ಇಳಿಸಿದೆ. ಯಾರೂ ಇಳಿಸು ಅನ್ನಲಿಲ್ಲ.

ಆರೋದಕ್ಕೆ ಬಿಟ್ಟೆ. ಅವ್ವ ಚೊಂಬು ತೊಳೆದು ಬಾಗಿಲಲ್ಲಿ ಇಟ್ಟಿದ್ದಳು. ಚೊಂಬು ಅಲ್ಲೇ ಬಿಟ್ಟೆ. ಎರಡು ಅಂಗೈ ಕೂಡಿಸಿ ಹಾಲು ತುಂಬಿಕೊಂಡು ಓಡಿದೆ.

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಚೊಂಬು ಕನ್ಲೋ! ಚೊಂಬು!" ಅವ್ವ ಹಿಂದೆ ಕೂಗ್ತಿದ್ದಳು.

ದೊರೆಸ್ವಾಮಿ ಜಗಲಿ ಮೇಲೆ ಕೂತಿದ್ದ.

"ಏನಯ್ಯ ಬೋರಲಿಂಗ, ಏನದು?"

"ಹಾಲು."

"ಸುರೀತದಲ್ಲಯ್ಯ! ಚೊಂಬು ಕೊಡ್ಲಾ?"

"ನಿಂದು ಬೇಡ!"

ಓಡಿದೆ. ನೆಲಕ್ಕೆ ಬಿದ್ದಿದ್ದನ್ನು ಒಂದು ನಾಯಿ ನೆಕ್ಕಿಕೊಂಡು ಹಿಂದೆ ಹಿಂದೆ ಬಂತು. ಹೊಲ ಬಂತು. ಬದು ಬಂತು. ಗುಡ್ಡೆ ಮುಂದೆ ಕೂತು ಅಂಗೈ ಬಿಚ್ಚಿದೆ. ಎಣಿಸಿದೆ. ಎರಡೇ ಹನಿ ಇತ್ತು.

ಎರಡೂ ಅವಳಿಗೆ ಬಿಟ್ಟೆ. ಇನ್ನೊಂದು ತರೋದಕ್ಕೆ ಮನೆಗೆ ಓಡಿದೆ.